ನಾಲ್ಕು ಬೆರಳಿನ ಚಾಕು

ಜನವರಿ ೧೮, ಭಾನುವಾರ. ಬೆಳಿಗ್ಗೆ ಆರೂ ನಲವತ್ತಕ್ಕೆ ಬರೆಯಲು ಕೂತಿದ್ದೇನೆ. ಇಂಡಿ ಊರಿನ ನಮ್ಮ ಮನೆಯ ಹಿತ್ತಲಲ್ಲಿ ಅಮ್ಮಿ ಉಪ್ಪಿನಕಾಯಿಗೆಂದು ಲಿಂಬೆಹಣ್ಣು ತೊಳೆದು ಹರವಿದ್ದಾಳೆ. ಮನೆಯಲ್ಲಿ ಮೂರು ಚಾಕು ಇದ್ದರೂ ಅವಳಿಗೆ ನನ್ನದೇ ಬೇಕು. ಈಗಷ್ಟೇ ಅದನ್ನು ತೊಳೆದು ಕೊಟ್ಟು ಬಂದೆ. ಹಿಡಿಗೆ ಸುತ್ತಿದ ಉಣ್ಣೆಯ ದಾರ ಒದ್ದೆಯಾದಾಗ, ಅಷ್ಟು ಲಿಂಬೆಯ ನಡುವೆಯೂ, ನೆನೆದ ಕಂಬಳಿಯ ವಾಸನೆ ಮೂಗಿಗೆ ಬಂತು. ಆ ವಾಸನೆಯ ಹಿಂದೆಯೇ ನಿಡಗುಂದಿಯ ಹಿನ್ನೀರು, ಎರಡು ವರ್ಷದ ಹಿಂದಿನ ಚಳಿಗಾಲ ಮತ್ತು ಸಾವ್ಕಾರ ಎಂಬ ಹೋತ ಒಟ್ಟಿಗೇ ಬಂದು ನಿಂತವು.

ಆ ವರ್ಷ ನನ್ನ ಡಿಗ್ರಿ ಮುಗಿದಿತ್ತು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನಡೆದು ಹಕ್ಕಿ ಎಣಿಸುವ ಕೆಲಸ ಸಿಕ್ಕಿತು. ನನಗೆ ಎಣಿಸುವುದು ಚಿಕ್ಕಂದಿನ ಚಟ. ಬಸ್ಸಿನಲ್ಲಿ ಕೂತರೆ ದಾರಿಯ ಬೇವಿನ ಮರ ಎಣಿಸುತ್ತೇನೆ, ಮದುವೆಗೆ ಹೋದರೆ ಪಂಗ್ತಿ ಎಣಿಸುತ್ತೇನೆ. ಕೆಲಸಕ್ಕೆ ಸೇರಿಸಲು ಬಂದ ಅಬ್ಬಾ, ಎಣಿಕೆಯ ಉಸ್ತುವಾರಿ ನೋಡುತ್ತಿದ್ದ ಮೇಡಂ ಮುಂದೆಯೇ, "ಇಕಿಗೆ ಪಗಾರ ಯಾಕ ಬೇಕ್ರಿ? ಎಣಸಾಕ ಬಿಟ್ರ ಸಾಕು, ತಾನ ರೊಕ್ಕಾ ಕೊಟ್ಟ ಹೋಗ್ತಾಳ" ಎಂದಿದ್ದರು.

ನನ್ನ ಜೊತೆಗಾರ ಸಂಗಮೇಶ, ಮುದ್ದೇಬಿಹಾಳದ ಹುಡುಗ, ನನ್ನದೇ ವಯಸ್ಸು. ನಿಡಗುಂದಿಯಿಂದ ಆಚೆ, ಹೊಲದ ನಡುವಿನ ಎರಡು ಕೋಣೆಯ ಮನೆ ನಮ್ಮ ಠಾಣೆ. ಒಂದು ಕೋಣೆ ಹೊಲದ ಮಾಲಕರ ತಾಯಿಗೂ ನನಗೂ, ಇನ್ನೊಂದು ಅವನಿಗೂ ಸಾಮಾನಿಗೂ. ದಂಡೆಯನ್ನು ಇಬ್ಬರಿಗೂ ಹಂಚಿದ್ದರು. ಜಾಲಿ ಗಿಡಗಳ ಸಾಲಿನಿಂದ ಹಿಡಿದು, ನೀರು ಸರಿದಾಗ ಮಾತ್ರ ಕಾಣುವ ಮುಳುಗಡೆ ಊರಿನ ಬಾವಿಕಟ್ಟೆಯವರೆಗಿನ ದಂಡೆ ನನ್ನದು. ತಲೆಗೆ ಎರಡು ಕರಿ ಪಟ್ಟೆ ಇರುವ ದೊಡ್ಡ ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುವ ಜಾಗ ಅದು. ಮೊದಲ ದಿನ ಮುನ್ನೂರಾ ಹನ್ನೆರಡು ಎಣಿಸಿದೆ. ರಾತ್ರಿ ಅಮ್ಮಿಗೆ ಫೋನ್ ಮಾಡಿ, "ನನ್ನ ದಂಡಿ" ಎಂದೆ. ನನಗೇ ಹೊಸದಾಗಿ ಕೇಳಿಸಿತು.

ಸಂಗಮೇಶನ ಸೊಂಟದಲ್ಲಿ ಒಂದು ಚಾಕು ನೇತಾಡುತ್ತಿತ್ತು. ಆನ್‌ಲೈನಿನಲ್ಲಿ ತರಿಸಿದ್ದು. ಅಲಗು ಒಂದು ಗೇಣಿನ ಮೇಲೆ ಮೂರು ಬೆರಳು. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಅದನ್ನು ತಿರುಗಿಸಿ ತೆಗೆದರೆ ಒಳಗೆ ಬೆಂಕಿಕಡ್ಡಿ, ಸೂಜಿ, ಗಾಳದ ಕೊಕ್ಕೆ. ನನ್ನ ಹತ್ತಿರ ಇದ್ದದ್ದು ಕಾಲೇಜಿನಲ್ಲಿ ಪೆನ್ಸಿಲ್ ಹೆರೆಯುತ್ತಿದ್ದ ಮಡಚುವ ಚಾಕು. ಅಲಗು ಎರಡು ಬೆರಳು.

ನಮ್ಮ ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದವರು ಸಿಂದಗಿ ಕಡೆಯ ಬೀರಪ್ಪ ಕಾಕಾ. ಪ್ರತಿ ಚಳಿಗಾಲ ಎಂಬತ್ತು ಕುರಿ ಹೊಡೆದುಕೊಂಡು ಹಿನ್ನೀರಿನ ಹುಲ್ಲಿಗೆ ಬರುತ್ತಾರೆ. ಹಿಂಡಿನ ಮುಂದೆ ಒಂದು ಕರಿ ಹೋತ, ಗಡ್ಡ ಬಿಟ್ಟುಕೊಂಡು, ಯಾರಿಗೂ ದಾರಿ ಬಿಡದೆ ನಡೆಯುತ್ತಿತ್ತು. ಅದಕ್ಕೇ ಸಾವ್ಕಾರ ಎಂದು ಹೆಸರು. ಅದು ಎಲ್ಲಿ ಕಾಲಿಟ್ಟರೆ ಎಂಬತ್ತು ಕುರಿಯೂ ಅಲ್ಲೇ ಕಾಲಿಡುತ್ತವೆ.

"ಇಂವ ಬಾವ್ಯಾಗ ಬಿದ್ರ?" ಎಂದು ನಾನು ಕೇಳಿದೆ.

"ಎಲ್ಲಾ ಬೀಳ್ತಾವ. ಮುಂದಿನಾಂವ ಎದಕ ಬಿದ್ದಾನ ಅಂತ ಒಂದೂ ಕೇಳೂದಿಲ್ಲ" ಎಂದರು ಕಾಕಾ.

ಅವರು ಸಂಗಮೇಶನ ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಾಗ ಚಾ ಕುದಸಾಕೂ ಬರ್ತೈತೇನೋ?" ಎಂದು ಕೇಳಿದರು. ಆದರೆ ಮನಸ್ಸು ಅದರ ಮೇಲೇ ಇತ್ತು. "ಚೂರಿ ಅಂದ್ರ ಹಿಂಗಿರಬೇಕು. ತ್ವಾಳ ನೋಡಿ ಎರಡ ಹೆಜ್ಜಿ ಹಿಂದ ಸರೀಬೇಕು." ನೋಡಿ ಮುಗಿದ ಮೇಲೆ ಅದನ್ನು ಅವನ ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟರು, ಅವನು ಎತ್ತಿಕೊಂಡ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ಇಸಗೊಂಡವರಿಗೂ ಜಗಳವಾಗುತ್ತದೆ. ನಮ್ಮ ಮನೆಯಲ್ಲೂ ಅಮ್ಮಿ ಹಾಗೆಯೇ ಮಾಡುತ್ತಾಳೆ. ಆದ್ದರಿಂದ ನನಗೆ ಅದು ವಿಶೇಷ ಎನಿಸಲಿಲ್ಲ.

ಮೊದಲ ವಾರವೇ ನನ್ನ ಚಾಕು ಸೋತಿತು. ಚಪ್ಪಲಿಯೊಳಗೆ ಮುರಿದ ಜಾಲಿಮುಳ್ಳನ್ನು ಮೀಟಿ ತೆಗೆಯುವಾಗ ಅಲಗು ಪಟ್ಟನೆ ಮಡಚಿಕೊಂಡು ನನ್ನ ಬೆರಳನ್ನೇ ಕಚ್ಚಿತು.

"ನಾ ಹೇಳ್ಲಿಲ್ಲಾ? ಬಯಲಾಗ ಅಡ್ಡಾಡೋರಿಗೆ ದೊಡ್ಡದ ಬೇಕು" ಎನ್ನುತ್ತಾ ಸಂಗಮೇಶ ಬಟ್ಟೆಯ ಪಟ್ಟಿಯನ್ನು ತೊಡೆಯ ಮೇಲೆ ಹಾಸಿ ತನ್ನ ದೊಡ್ಡ ಚಾಕುವಿನಿಂದ ಕೊಯ್ದ. ಪಟ್ಟಿಯ ಜೊತೆ ಅವನ ಹೊಸ ಪ್ಯಾಂಟೂ ಹರಿಯಿತು.

ಆ ಸಂಜೆಯಿಂದ ನಾನು ಹಕ್ಕಿಯ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಲೆಕ್ಕ ಶುರು ಮಾಡಿದೆ. ನಾನಾಗಲಿ, ಸಂಗಮೇಶನಾಗಲಿ, ಕಾಕಾ ಆಗಲಿ ಚಾಕು ಹೊರತೆಗೆದಾಗಲೆಲ್ಲ ಯಾವ ಕೆಲಸಕ್ಕೆ, ಅಲಗಿನ ಎಷ್ಟು ಉದ್ದ ನಿಜವಾಗಿ ಬಳಕೆಯಾಯಿತು ಎಂದು ಬರೆದೆ. ಹಗ್ಗ ಕೊಯ್ಯುವುದು, ಮುಳ್ಳು ತೆಗೆಯುವುದು, ಗೂಟದ ತುದಿ ಚೂಪು ಮಾಡುವುದು, ಅಡಿಗೆಗೆ ಉಳ್ಳಾಗಡ್ಡಿ ಹೆಚ್ಚುವುದು, ಕುರಿಯ ಗೊರಸು ಕೆತ್ತುವುದು, ಆಗತಾನೇ ಹುಟ್ಟಿದ ಮರಿಯ ಹೊಕ್ಕುಳು ಕೊಯ್ಯುವುದು. ಡಿಸೆಂಬರ್ ಮುಗಿಯುವ ಹೊತ್ತಿಗೆ ನೂರಾ ಹದಿನೆಂಟು ಸಲ. ಅದರಲ್ಲಿ ನನ್ನ ನಾಲ್ಕು ಬೆರಳಿನ ಅಗಲಕ್ಕಿಂತ ಉದ್ದದ ಅಲಗು ಬೇಕಾದದ್ದು ಒಂಬತ್ತೇ ಸಲ. ಆ ಒಂಬತ್ತೂ ಕಟ್ಟಿಗೆ ಕಡಿಯುವ ಕೆಲಸ, ಅದಕ್ಕೆ ಠಾಣೆಯಲ್ಲಿ ಕೊಡಲಿ ಇತ್ತು. ಎರಡು ಬೆರಳಿನ ಅಲಗು ಸಾಲದೇ ಹೋದದ್ದು ಮಾತ್ರ ಅರ್ಧಕ್ಕಿಂತ ಹೆಚ್ಚು ಸಲ. ಅಂದರೆ ನನ್ನದೂ ತಪ್ಪು, ಸಂಗಮೇಶನದೂ ತಪ್ಪು. ಸರಿಯಾದದ್ದು ನಡುವೆ ಎಲ್ಲೋ ಇತ್ತು. ಅದು ನಮ್ಮ ಮೂವರಲ್ಲಿ ಯಾರ ಹತ್ತಿರವೂ ಇರಲಿಲ್ಲ.

ರಜೆಯ ದಿನ ಬಸ್ಸು ಹತ್ತಿ ಬಸವನ ಬಾಗೇವಾಡಿಗೆ ಹೋದೆ. ಅಲ್ಲಿ ಮಾನಪ್ಪ ಎಂಬ ಕಮ್ಮಾರರು ಕುಡಗೋಲು, ಕುರ್ಪಿ ಬಡಿದು ಕೊಡುತ್ತಾರೆ ಎಂದು ಕಾಕಾ ಹೇಳಿದ್ದರು. ಹಳೆಯ ಜೀಪಿನ ಸ್ಪ್ರಿಂಗ್ ಪಟ್ಟಿಯ ತುಂಡನ್ನು ಕುಲುಮೆಗೆ ಹಾಕುತ್ತಾ ಅವರು ಅಳತೆ ಕೇಳಿದರು.

"ಅಲಗು ನಾಕ ಬೆರಳ್ರಿ. ಹಿಡಿ ಮುಷ್ಟಿ ತುಂಬಬೇಕ್ರಿ. ಮಡಚೋದ ಬ್ಯಾಡ್ರಿ."

"ಯಾರ ಬೆರಳವ್ವಾ?" ಎಂದು ಅವರು ತಮ್ಮ ಕೈ ಚಾಚಿದರು. ಅದರ ಪಕ್ಕ ನನ್ನದನ್ನಿಟ್ಟೆ. ಅವರ ಮೂರು ಬೆರಳಿಗೆ ನನ್ನ ನಾಲ್ಕು ಸಮ ಬಂದವು.

"ನನ್ನ ಬೆರಳ್ರಿ. ಹಿಡಿಯಾಕಿ ನಾನು."

"ಬಯಲಾಗ ತಿರಗಾಕ ಅಂತಿ, ಉಳ್ಳಾಗಡ್ಡಿ ಹೆಚ್ಚೋ ಅಳತಿ ಹೇಳಾಕತ್ತಿ!" ಎಂದು ನಕ್ಕರು. ಆದರೂ ಹೇಳಿದಂತೆಯೇ ಬಡಿದರು. ಅಲಗಿನ ಬೆನ್ನು ಗಾಜಿನ ಬಳೆಯಷ್ಟೇ ದಪ್ಪ. ಹಿಡಿಗೆ ಬೇವಿನ ಕಟ್ಟಿಗೆ, ತುದಿಗೆ ಒಂದು ತೂತು. ಆ ತೂತಿಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಂಡೆ. ಮುಗಿದ ಮೇಲೆ ಅವರೂ ಅದನ್ನು ನೆಲದ ಮೇಲಿಟ್ಟು, "ತಗೋ" ಎಂದರು.

ಠಾಣೆಯಲ್ಲಿ ಅದಕ್ಕೆ ಒಂದೇ ದಿನದಲ್ಲಿ ಉಳ್ಳಾಗಡ್ಡಿ ಎಂದು ಹೆಸರು ಬಿತ್ತು. "ಉಳ್ಳಾಗಡ್ಡಿ ಬಂತೇನು?" ಎಂದೇ ಸಂಗಮೇಶ ನನ್ನನ್ನು ಮಾತಾಡಿಸುತ್ತಿದ್ದ. ಅದನ್ನು ನಾನು ತಡೆದುಕೊಂಡೆ. ಜನವರಿಯ ಎರಡನೇ ವಾರ ನಡೆದದ್ದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಬಾವಿಕಟ್ಟೆಯ ಹತ್ತಿರ ಒಂದು ಮುಂಜಾನೆ ತೋಳ ಕಂಡಿತು. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಅದು ತನ್ನ ದಾರಿ ಹಿಡಿಯಿತು, ನಾನು ಬಂದು ಪುಸ್ತಕದಲ್ಲಿ 'ತೋಳ, ಒಂದು' ಎಂದು ಬರೆದೆ. ವರದಿ ಓದಿದ ಮೇಡಂ ಫೋನ್ ಮಾಡಿದರು. ಇನ್ನು ಮೇಲೆ ಸರಿಯಾದ ಚಾಕು ಇಲ್ಲದೆ ಯಾರೂ ದಂಡೆಗೆ ಒಂಟಿಯಾಗಿ ಹೋಗಕೂಡದು. ಸರಿಯಾದದ್ದು ಎಂದರೆ ಕನಿಷ್ಠ ಒಂದು ಗೇಣು. ಅಂಥದ್ದು ಠಾಣೆಯಲ್ಲಿ ಒಂದೇ ಇತ್ತು.

ಅಲ್ಲಿಗೆ ನನ್ನ ದಂಡೆ ಹೋಯಿತು. ಸಂಗಮೇಶ ಎರಡು ಪಾಲನ್ನೂ ನಡೆಯಬೇಕು, ನಾನು ಅವನ ಹಿಂದೆ ಪುಸ್ತಕ ಹಿಡಿದು ನಡೆಯಬೇಕು. ಅವನು ಮುಂದೆ ದಪದಪ ಹೆಜ್ಜೆ ಹಾಕುತ್ತಿದ್ದಂತೆ ನನ್ನ ಬಾತುಗಳು ಎದ್ದು ಹಾರುತ್ತಿದ್ದವು. ಹಾರಿದವನ್ನು ಎಣಿಸಲು ಆಗುತ್ತಿರಲಿಲ್ಲ. ಮೊದಲ ವಾರದ ಲೆಕ್ಕವೇ ಹಾಳಾಯಿತು. ಮೇಡಂಗೆ ಎರಡು ಸಲ ನನ್ನ ನೂರಾ ಹದಿನೆಂಟರ ಲೆಕ್ಕ ಹೇಳಿದೆ. "ಅದೆಲ್ಲಾ ಸರಿ, ತೋಳ ಬಂದ್ರ ಉಳ್ಳಾಗಡ್ಡಿ ಹೆಚ್ಚತೀಯೇನು?" ಎಂದರು. ಸಂಗಮೇಶ ಅವರಿಗೂ ಆ ಹೆಸರು ಹೇಳಿದ್ದ!

ಆ ವಾರವೇ ಒಂದು ಸಂಜೆ ಕಾಕಾ ಹಸಿ ಜೋಳದ ತೆನೆ ಸುಟ್ಟು ಸೀತನಿ ಮಾಡಿದರು. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಕಾಳನ್ನು ಊದಿ, ಶೇಂಗಾ ಚಟ್ನಿಯ ಜೊತೆ ನಮ್ಮ ಮುಂದಿಟ್ಟರು. ಆಮೇಲೆ ಉಣ್ಣೆ ನೂಲುತ್ತ ಕೂತರು. ನಾನು ಸಿಟ್ಟಿನಲ್ಲಿ ತಿನ್ನುತ್ತಿದ್ದೆ.

"ಯವ್ವಾ, ಕಾಳಿನ ಮ್ಯಾಲೆ ಯಾಕ ಸಿಟ್ಟು ಮಾಡ್ತಿ? ಒಂದ ಮಾತ ಕೇಳು. ನಿನ್ನ ಉಳ್ಳಾಗಡ್ಡಿ ಐತಲ್ಲ, ಈ ದೊಡ್ಡದು ಮಾಡಾಕ ಆಗಲಾರದ ಕೆಲಸ ಒಂದ ನನ್ನ ಕಣ್ಣೆದುರಿಗೆ ಮಾಡಿ ತೋರಸಲಿ. ಈ ದಾರ ಅದರ ಹಿಡಿಗೆ ನಾನ ಸುತ್ತಿ ಕೊಡ್ತೇನಿ."

"ಮೇಡಂಗೂ ನೀವ ಹೇಳಬೇಕ್ರಿ ಕಾಕಾ."

"ಹೇಳ್ತೇನಿ. ಆದ್ರ ಆಗೂದಿಲ್ಲ ಬಿಡು" ಎಂದು ನಕ್ಕರು. ಸಂಗಮೇಶ ತನ್ನ ಚಾಕುವಿನಿಂದ ಹಲ್ಲಿನ ಸಂದಿಯ ಜೋಳದ ಸಿಪ್ಪೆ ತೆಗೆಯಲು ನೋಡಿ, ಬೇಡವೆಂದು ಬಿಟ್ಟ.

ಫೆಬ್ರುವರಿ ೬. ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದೆ ನಡೆಯುತ್ತಿದ್ದ ಸಂಗಮೇಶನ ಟೋಪಿ ಮಾತ್ರ ಕಾಣುತ್ತಿತ್ತು. ಜಾಲಿ ಸಾಲು ದಾಟುವಷ್ಟರಲ್ಲಿ ನೀರಿನ ಕಡೆಯಿಂದ ಹೋತದ ಅರಚಾಟ ಕೇಳಿತು. ಅದರ ಹಿಂದೆಯೇ ಕಾಕಾನ ಕೂಗು. ಇಬ್ಬರೂ ಓಡಿದೆವು.

ನೀರು ಸರಿದ ಜಾಗದ ಹಸಿರು ನೋಡಿ ಸಾವ್ಕಾರ ಕೆಸರಿಗೆ ಇಳಿದಿತ್ತು. ಯಾರೋ ಬಿಟ್ಟುಹೋದ ನೈಲಾನ್ ಬಲೆ ಕೆಸರಿನಲ್ಲಿ ಹೂತಿತ್ತು. ಮುಂಗಾಲು ಎರಡೂ ಅದರಲ್ಲಿ ಸಿಕ್ಕಿ, ಬಲೆಯ ಮೇಲಂಚು ಕೊರಳಿಗೆ ಸುತ್ತಿತ್ತು. ಹೊಟ್ಟೆಯವರೆಗೆ ಹುದುಗಿದ್ದ ಅದು ಕಿತ್ತಾಡಿದಷ್ಟೂ ಎಳೆ ಬಿಗಿಯುತ್ತಿತ್ತು. ಕಾಕಾ ಅದರ ಆಚೆ ಬದಿಯಲ್ಲಿ ತೊಡೆಯುದ್ದ ಕೆಸರಿನಲ್ಲಿ ನಿಂತು ತಲೆಯನ್ನು ಎತ್ತಿ ಹಿಡಿದಿದ್ದರು. ಅವರ ಚೂರಿ ಕುರಿ ಹಟ್ಟಿಯಲ್ಲೇ ಉಳಿದಿತ್ತು. ಇವೆಲ್ಲಕ್ಕಿಂತ ಕೆಟ್ಟದ್ದು ದಂಡೆಯ ಮೇಲೆ ನಡೆದಿತ್ತು. ಮುಂದಾಳು ಒಳಗಿದ್ದಾನೆಂದು ಹಿಂಡು ಅವನ ಹಿಂದೆಯೇ ಇಳಿಯತೊಡಗಿತ್ತು. ಮೊದಲ ಏಳೆಂಟು ಕುರಿ ಆಗಲೇ ಮೊಣಕಾಲುದ್ದ ಹೋಗಿದ್ದವು.

"ಸಾವ್ಕಾರನ ತಿರಗಸ್ರೋ! ಇಂವ ತಿರಗಿದ್ರ ಎಲ್ಲಾ ತಿರಗತಾವ! ಇಲ್ಲಂದ್ರ ಒಂದೂ ಉಳಿಯೂದಿಲ್ಲ!" ಕಾಕಾನ ದನಿ ಒಡೆದಿತ್ತು. ಆ ಎಂಬತ್ತು ಕುರಿ ಬಿಟ್ಟರೆ ಅವರಿಗೆ ಬೇರೆ ಬದುಕಿರಲಿಲ್ಲ.

ಸಂಗಮೇಶ ಹಿಂದೆಮುಂದೆ ನೋಡದೆ ಇಳಿದ. ಅದನ್ನು ನಾನು ಯಾವಾಗಲೂ ಹೇಳುತ್ತೇನೆ. ದೊಡ್ಡ ಚಾಕು ಹಿರಿದು ಎಳೆಯ ಕೆಳಗೆ ತೂರಿಸಲು ನೋಡಿದ. ಅಲಗು ದಪ್ಪ, ಎಳೆ ಚರ್ಮಕ್ಕೆ ಅಂಟಿ ಬಿಗಿದಿದೆ, ತೂರಲಿಲ್ಲ. ತುದಿ ಅವನ ಕೈಯಿಂದ ಅಷ್ಟು ದೂರವಿದ್ದದ್ದರಿಂದ ಎಲ್ಲಿ ಹೋಗುತ್ತಿದೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಒಂದು ಸಲ ಎಳೆದ, ಹೋತದ ಭುಜದ ಮೇಲೆ ರಕ್ತ ಬಂತು. ಸಾವ್ಕಾರ ಇನ್ನೂ ಒದರಾಡಿತು.

"ಇತ್ತ ತಾ, ಕೊಳ್ಳಾಗಿಂದು ನಾ ಕೊಯ್ತೇನಿ!" ಎಂದರು ಕಾಕಾ.

ಸಂಗಮೇಶ ಚಾಚಿದ. ಕಾಕಾ ಕೈ ಮುಂದೆ ತಂದವರು, ಅಷ್ಟು ಅವಸರದಲ್ಲೂ, ಬಿಸಿ ತಗುಲಿದವರಂತೆ ಹಿಂದೆಳೆದುಕೊಂಡರು. "ಕೆಳಗ ಇಡೋ! ಕೈಯಾಗ ಕೊಡಬ್ಯಾಡ!"

ಅವನು ಕೆಳಗಿಟ್ಟ. ಕೆಳಗೆ ನೆಲವೆಲ್ಲಿತ್ತು! ಒಂದು ಕ್ಷಣ ಚಾಕು ಕೆಸರಿನ ಮೇಲೆ ಹೊಳೆಯುತ್ತ ಮಲಗಿತ್ತು. ಸಾವ್ಕಾರ ಒಂದು ಸಲ ಒದ್ದಿತು. ದಿಕ್ಸೂಚಿ ಮೊದಲಾಗಿ ಇಡೀ ಚಾಕು ಕೆಳಗಿಳಿದು ಹೋಯಿತು. ಅದನ್ನು ನಾವು ಮತ್ತೆ ನೋಡಲಿಲ್ಲ.

"ಸಂಗಮೇಶ, ಕುರಿ ತಡಿ!" ಎಂದೆ. ಅವನು ಮೇಲೆ ಬಂದು ಜಾಕೆಟ್ ಬಿಚ್ಚಿ ಬೀಸುತ್ತ ಹಿಂಡಿಗೆ ಅಡ್ಡ ನಿಂತ. ದಂಡೆಯಲ್ಲಿ ಕಾಕಾ ಬಿಟ್ಟಿದ್ದ ಕಂಬಳಿಯನ್ನು ಕೆಸರಿನ ಮೇಲೆ ಹಾಸಿ ನಾನು ಅದರ ಮೇಲೆ ಬೋರಲಾಗಿ ಮಲಗಿದೆ. ಕಂಬಳಿ ನನ್ನ ಭಾರ ಹೊತ್ತಿತು. ದಾರ ಮಣಿಕಟ್ಟಿನಲ್ಲಿತ್ತು, ಚಾಕು ಜಾರಿದರೂ ನನ್ನನ್ನು ಬಿಟ್ಟು ಹೋಗುವಂತಿರಲಿಲ್ಲ.

ನಾಲ್ಕು ಬೆರಳು ಯಾಕೆ ಸರಿ ಎಂದು ನನಗೆ ಪೂರ್ತಿ ತಿಳಿದದ್ದು ಆಗ. ಅಲಗಿನ ಬೆನ್ನ ಮೇಲೆ ತೋರುಬೆರಳು ಚಾಚಿದರೆ ಬೆರಳ ತುದಿಯೂ ಅಲಗಿನ ತುದಿಯೂ ಒಂದೇ ಕಡೆ ಬರುತ್ತವೆ. ಕೆಸರಿನೊಳಗೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಬೆರಳಿಗೆ ಎಲ್ಲವೂ ಕಾಣುತ್ತಿತ್ತು. ಇದು ರೋಮ, ಇದು ಚರ್ಮ, ಇದು ಎಳೆ. ಎಳೆಯ ಕೆಳಗೆ ಬೆರಳು ಹೋದ ಕಡೆ ಚಾಕುವೂ ಹೋಯಿತು. ಅಲಗನ್ನು ಹೊರಮುಖವಾಗಿ ತಿರುಗಿಸಿ ಎತ್ತಿದರೆ ಪಟ್ ಎಂದು ಒಂದು, ಪಟ್ ಎಂದು ಇನ್ನೊಂದು. ಎಷ್ಟು ಎಳೆ ಕೊಯ್ದೆನೋ ಎಣಿಸಲಿಲ್ಲ. ನನ್ನ ದಿನಚರಿಯಲ್ಲಿ ಲೆಕ್ಕವಿಲ್ಲದ ಕೆಲಸ ಅದೊಂದೇ.

ಬಲಗಾಲು ಬಿಟ್ಟಿತು. ಎಡಗಾಲೂ ಬಿಟ್ಟಿತು. ಉಳಿದದ್ದು ಕೊರಳು. ಗಂಟು ಆಚೆ ಬದಿಗಿತ್ತು, ನನ್ನ ಕೈ ಮುಟ್ಟಲಿಲ್ಲ. ಸಾವ್ಕಾರನ ನಾಲಿಗೆ ಹೊರಬಂದಿತ್ತು. ಮಣಿಕಟ್ಟಿನ ದಾರ ಬಿಚ್ಚಿದೆ. ಹುಟ್ಟಿದಾಗಿನ ರೂಢಿ, ಚಾಕುವನ್ನು ಎಲ್ಲಿಡಲಿ ಎಂದು ಕಣ್ಣು ಜಾಗ ಹುಡುಕಿತು.

"ಏನ ನೋಡ್ತಿ? ಕೈಯಾಗ ಕೊಡಬೇ!" ಎಂದು ಕಾಕಾ ಕೂಗಿದರು.

"ಕಾಕಾ, ಜಗಳಾ..."

"ಆಮ್ಯಾಲೆ ಆಡೂಣು! ತಾ ಇತ್ತ!"

ಅವರ ಅಂಗೈಯಲ್ಲಿಟ್ಟೆ. ಅಷ್ಟು ದೊಡ್ಡ ಮುಷ್ಟಿಯಲ್ಲಿ ನನ್ನ ಹಿಡಿ ಮುಚ್ಚಿಹೋಯಿತು, ಅಲಗು ಮಾತ್ರ ಹೊರಗಿತ್ತು. ಅಷ್ಟೇ ಸಾಕಾಗಿತ್ತು. ಗಂಟಲಿನ ಎಳೆಯ ಕೆಳಗೆ ಅದು ಸರಕ್ಕನೆ ಹೋಯಿತು. ಬಲೆಯ ಅಂಚು ಹರಿದ ಕೂಡಲೇ ಸಾವ್ಕಾರ ಎಳೆದ ಉಸಿರು ಮಾನಪ್ಪನವರ ಕುಲುಮೆಯ ತಿದಿಯಂತೆ ಕೇಳಿಸಿತು. ಕಾಕಾ ಹಿಂದಿನಿಂದ ನೂಕಿದರು, ನಾನು ಕೊಂಬು ಹಿಡಿದು ಎಳೆದೆ. ಅದು ನನ್ನ ಬೆನ್ನನ್ನೇ ಮೆಟ್ಟಿಕೊಂಡು ದಂಡೆ ಹತ್ತಿ, ಮೈ ಝಾಡಿಸಿ, ಏನೂ ಆಗಿಲ್ಲವೆಂಬಂತೆ ಹೊಲದ ಕಡೆ ಹೊರಟಿತು. ಹಿಂಡು ನಿಂತಲ್ಲೇ ತಿರುಗಿತು. ಕೆಸರಿನಲ್ಲಿದ್ದವೂ ಒಂದೊಂದಾಗಿ ಕಾಲು ಕಿತ್ತುಕೊಂಡು ಅದರ ಹಿಂದೆ ನಡೆದವು.

ಈಗ ಎಣಿಸಿದೆ. ಎಂಬತ್ತು. ಕಾಕಾ ನಂಬಲಿಲ್ಲ, ತಾವೂ ಎಣಿಸಿದರು. ಎಂಬತ್ತೇ. ಮಂಜಿನಲ್ಲಿ ನಮ್ಮ ಮೂವರ ಕೂಗಿಗೆ ಬಾವಿಕಟ್ಟೆಯ ಕಡೆಯ ಬಾತುಗಳೆಲ್ಲ ಎದ್ದು ನೆತ್ತಿಯ ಮೇಲೆ ಹಾದು ಹೋದವು. ಎದ್ದರೆ ಏಳಲಿ ಎಂದು ಆ ದಿನ ನನಗೆ ಮೊದಲ ಬಾರಿ ಅನಿಸಿತು.

ದಂಡೆಯ ಮೇಲೆ ಕೂತು, ಮೈಯೆಲ್ಲ ಕೆಸರು ಮಾಡಿಕೊಂಡಿದ್ದ ಸಂಗಮೇಶನೇ ಮೇಡಂಗೆ ಫೋನ್ ಹಚ್ಚಿದ. "ಮೇಡಂ, ದೊಡ್ಡ ಚಾಕು ಕೆಸರಿನಾಗ ಐತ್ರಿ. ಸಣ್ಣದು ಕೆಲಸಾ ಮಾಡೈತ್ರಿ." ಫೋನನ್ನು ಕಾಕಾ ಕಸಿದುಕೊಂಡರು. "ಬಾಯಾರ, ನಾ ಬೀರಪ್ಪ ಅಂತ್ರಿ. ಆ ಹುಡುಗಿ ದಂಡಿ ಆ ಹುಡುಗಿಗೆ ಕೊಟ್ಟ ಬಿಡ್ರಿ. ಇಲ್ಲಂದ್ರ ಎಂಬತ್ತ ಕುರಿ ಹೊಡಕೊಂಡ ನಿಮ್ಮ ಆಫೀಸಿಗೆ ಬರ್ತೇನಿ."

ಮೇಡಂ ನಕ್ಕದ್ದು ನನಗೂ ಕೇಳಿಸಿತು. ಆಮೇಲೆ ನನ್ನ ಲೆಕ್ಕದ ಹಾಳೆಗಳನ್ನು ತರಿಸಿಕೊಂಡು ಓದಿದರು. ಮರುದಿನದಿಂದ ದಂಡೆ ನನಗೆ ವಾಪಸ್ಸು ಬಂತು. ತೋಳಕ್ಕೆಂದು ಇಬ್ಬರಿಗೂ ಒಂದೊಂದು ಬಡಿಗೆ, ಒಂದೊಂದು ಸೀಟಿ. ಚಾಕು ಮಾತ್ರ ಅವರವರ ನಾಲ್ಕು ಬೆರಳಿನದು. ಸಂಗಮೇಶ ಬಾಗೇವಾಡಿಗೆ ಹೋಗಿ ತನ್ನ ಕೈಯಳತೆಯದು ಬಡಿಸಿಕೊಂಡು ಬಂದ. ಮಾನಪ್ಪ ಅವನಿಗೆ, "ಏನಪಾ, ಉಳ್ಳಾಗಡ್ಡಿ ಭಾಳ ಬೆಳದಾವೇನ ಈ ವರ್ಷ?" ಎಂದರಂತೆ. ಆ ತಿಂಗಳ ಕೊನೆಯ ಎಣಿಕೆಯಲ್ಲಿ ನನ್ನ ದಂಡೆಯಲ್ಲಿ ನಾನೂರಾ ಏಳು ಬಾತು. ಅಷ್ಟು ಆ ಚಳಿಗಾಲದಲ್ಲಿ ಬೇರೆ ಯಾವ ದಿನವೂ ಸಿಕ್ಕಿರಲಿಲ್ಲ.

ನಾನು ಹೊರಡುವ ದಿನ ಕಾಕಾ ನಿಡಗುಂದಿಯ ಬಸ್ ನಿಲ್ದಾಣಕ್ಕೆ ಬಂದರು. ಹಿಂದಿನ ರಾತ್ರಿ ಇಸಗೊಂಡಿದ್ದ ಚಾಕುವಿನ ಹಿಡಿಗೆ ಕರಿ ಉಣ್ಣೆಯ ದಾರವನ್ನು ಒತ್ತೊತ್ತಾಗಿ ಸುತ್ತಿದ್ದರು. ನಾನು ಕಲ್ಲು ಬೆಂಚಿನ ಕಡೆ ನೋಡಿದೆ, ಅಲ್ಲಿಡುತ್ತಾರೆಂದು. ಅವರು ಅಲಗನ್ನು ತಮ್ಮ ಕಡೆ ತಿರುಗಿಸಿ ಹಿಡಿಯನ್ನು ನನ್ನ ಕೈಯೊಳಗೇ ಇಟ್ಟರು.

"ಕಾಕಾ, ಎರಡನೇ ಸಲ ಆತ್ರಿ. ಈಗ ಜಗಳ ಆಗೂದ ಖರೆ."

"ಆಗಲಿ. ಜಗಳಾ ಆಡಾಕರೆ ಫೋನ್ ಮಾಡ್ತೀಯಲ್ಲ."

ಅಂದಿನಿಂದ ಜಗಳ ನಡೆದೇ ಇದೆ. ಮೊನ್ನೆಯೂ ಹಿನ್ನೀರಿನ ದಂಡೆಯಿಂದ ಫೋನ್ ಬಂತು: "ಏನಬೇ, ಹಿಡಿ ಇನ್ನೊಂದೆಳಿ ದಪ್ಪ ಇರಬೇಕಿತ್ತು, ನಿನಗ ತಿಳಿಲಿಲ್ಲ." ನಾನು ತಿಳಿದಿದೆ ಎಂದೆ, ಅವರು ಇಲ್ಲ ಎಂದರು. ಹಿಂದಿನಿಂದ ಸಾವ್ಕಾರ ಅವರ ಪರವಾಗಿ ಕೂಗಿತು.

ಆದರೂ ಆ ಜಗಳದಲ್ಲಿ ಒಂದು ಪ್ರಶ್ನೆ ನಿಜವಾಗಿಯೂ ಬಾಕಿ ಇದೆ. ಅಲಗಿನ ಉದ್ದವನ್ನು ನಾನು ನೂರಾ ಹದಿನೆಂಟು ಸಲ ಪರೀಕ್ಷಿಸಿದ್ದೇನೆ, ಹಿಡಿಯ ದಪ್ಪವನ್ನು ಪರೀಕ್ಷಿಸಿಲ್ಲ. ಒದ್ದೆ ಕೈಗೆ, ಚಳಿಗೆ ಮರಗಟ್ಟಿದ ಕೈಗೆ, ಎಡಗೈಯವರಿಗೆ ಎಷ್ಟು ದಪ್ಪ ಸರಿ? ಬಯಲಿನಲ್ಲಿ ದುಡಿದು ಇದನ್ನು ಕೈಯಾರೆ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ, ಬರೆಯುವಾಗ ನಿಮ್ಮ ನಾಲ್ಕು ಬೆರಳಿನ ಅಗಲವನ್ನೂ ತಿಳಿಸಿ. ಕಾಕಾ ಗೆದ್ದರೆ ಗೆಲ್ಲಲಿ. ಅಮ್ಮಿ ಲಿಂಬೆ ಹೆಚ್ಚಿ ಮುಗಿಸಿದಳು, ಚಾಕು ಕೊಡಲು ಬಂದಿದ್ದಾಳೆ. ಕೆಳಗಿಡಲು ಬಗ್ಗುತ್ತಿದ್ದಾಳೆ, ನಾನು ಕೈ ಚಾಚಿದ್ದೇನೆ.